ಅತ್ತೆ ಮಾವನ ಜೊತೆ ಹವಾಯಿಯ ಬಿಗ್ ಐಲ್ಯಾಂಡಿನಲ್ಲಿ ಒಂದು ವಾರ ಇದ್ದರೆ ಬೋರ್ ಆಗುತ್ತಾ?

ಬೋರ್ ಆಗಲ್ಲ. ನಡುವೆ ಒವಾಹು ದ್ವೀಪಕ್ಕೆ ಹೋಗಿ ಬರೋದೂ ಬೇಡ. ನಿಮ್ಮ ಯಜಮಾನರು ಏಳು ದಿನಕ್ಕೆ 22 ಜಾಗ ಬರೆದು ಎಕ್ಸೆಲ್ ಶೀಟ್ ಮಾಡಿದ್ದಾರೆ ಅಂದಿರಲ್ಲ, ಅದರಲ್ಲಿ ಮುಕ್ಕಾಲು ಭಾಗ ಅಳಿಸಿಬಿಡಿ. ಅತ್ತೆಗೆ ಮಂಡಿ ನೋವು, ಮಾವನಿಗೆ ಸ್ವಲ್ಪ ದಮ್ಮು, ಮನೆಯವರೆಲ್ಲ ಸಸ್ಯಾಹಾರಿಗಳು, ಆದರೂ ಜ್ವಾಲಾಮುಖಿ ನೋಡಲೇಬೇಕು. ಇಷ್ಟು ತಲೆಯಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೆಂಡತಿ ಜೊತೆ, ನಿಮ್ಮ ಯಜಮಾನರ ಹಾಗೇ ಪಟ್ಟಿ ಹಿಡಿದುಕೊಂಡು. ದ್ವೀಪ ಅಂದ ತಕ್ಷಣ ಸಣ್ಣದು ಅನಿಸಿಬಿಡುತ್ತೆ ಅಲ್ವಾ? ಇದರ ವಿಸ್ತಾರ ಸುಮಾರು 10,400 ಚದರ ಕಿ.ಮೀ. ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆಗಿಂತ ಒಂಚೂರು ಜಾಸ್ತಿ. ಕಾರವಾರದಲ್ಲಿ ರೂಮ್ ಮಾಡಿ, ಬೆಳಿಗ್ಗೆ ಹೊರಟು ಯಲ್ಲಾಪುರ, ಶಿರಸಿ, ಭಟ್ಕಳ ಎಲ್ಲ ನೋಡಿಕೊಂಡು ರಾತ್ರಿ ಊಟಕ್ಕೆ ವಾಪಸ್ ಬರ್ತೀವಿ ಅಂದರೆ ಊರಲ್ಲಿ ನಗುತ್ತಾರೆ. ನಾವು ಮಾಡಿದ್ದು ಅದನ್ನೇ. ಪಶ್ಚಿಮದ ಕೋನಾದಿಂದ ಹೊರಟು ಜಲಪಾತ, ಬೀಚು, ಮಾರ್ಕೆಟ್ಟು ಅಂತ ನಿಂತು ನಿಂತು, ಜ್ವಾಲಾಮುಖಿ ಪಾರ್ಕ್ ಮುಟ್ಟುವಾಗ ಸಂಜೆಯಾಗಿತ್ತು. ಮಂಜು ಕವಿದಿತ್ತು. ಕುಳಿಯ ಅಂಚಿನಲ್ಲಿ ನಿಂತು ಒಂದು ಬಿಳಿ ಗೋಡೆ ನೋಡಿದೆವು. ಪಾರ್ಕ್ ಇರುವುದು ಸುಮಾರು 1,200 ಮೀಟರ್ ಎತ್ತರದಲ್ಲಿ. ನಾನು ಹವಾಯಿ ಅಂತ ಚಡ್ಡಿ ಹಾಕಿಕೊಂಡು ಹೋಗಿದ್ದೆ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಕತ್ತಲಲ್ಲಿ ಎರಡೂವರೆ ಗಂಟೆ ಡ್ರೈವ್ ಮಾಡಿ ವಾಪಸ್. ಕಾರಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡಲಿಲ್ಲ.

ಎರಡನೇ ಸಲ ಕೊಪ್ಪದಿಂದ ಅಪ್ಪ ಅಮ್ಮ ಬಂದಿದ್ದರು. ಆಗ ದ್ವೀಪವನ್ನು ಎರಡು ಊರು ಅಂದುಕೊಂಡೆ. ಒಂದು ಒಣ ಊರು, ಒಂದು ಮಳೆ ಊರು. ನಡುವೆ 4,169 ಮೀಟರ್ ಎತ್ತರದ ಮೌನಾ ಲೋವಾ, ಅದಕ್ಕಿಂತ ಒಂಚೂರು ಎತ್ತರದ ಮೌನಾ ಕೇಯಾ ಎಂಬ ಜ್ವಾಲಾಮುಖಿ ಬೆಟ್ಟಗಳಿವೆ. ಪೂರ್ವದಿಂದ ಬರುವ ಮೋಡವನ್ನು ಇವೆರಡು ತಡೆದು ನಿಲ್ಲಿಸಿಬಿಡುತ್ತವೆ. ಹಾಗಾಗಿ ಪೂರ್ವದ ಹೀಲೋ ಕಡೆ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ, ಕೋನಾ ಕರಾವಳಿಯಲ್ಲಿ ಬಿಸಿಲು. ನಮ್ಮ ಘಟ್ಟದ ಲೆಕ್ಕವೇ, ದಿಕ್ಕು ಮಾತ್ರ ತಿರುಗಾಮುರುಗಾ.

ಹಾಗಾಗಿ ನನ್ನ ಸಲಹೆ: ಮೊದಲು ಮೂರು ರಾತ್ರಿ ಕೋನಾ ಕಡೆ, ಆಮೇಲೆ ಮೂರು ರಾತ್ರಿ ಪಾರ್ಕಿನ ಪಕ್ಕದ ವಾಲ್ಕೇನೋ ಎಂಬ ಹಳ್ಳಿಯಲ್ಲಿ, ಕೊನೆಯ ರಾತ್ರಿ ಮತ್ತೆ ಕೋನಾ, ಯಾಕೆಂದರೆ ನಿಮ್ಮ ವಿಮಾನ ಅಲ್ಲಿಂದ. ಎರಡೂ ಕಡೆ ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ. ದಿನಕ್ಕೆ ಒಂದೇ ಕೆಲಸ. ವಾರದಲ್ಲಿ ಎರಡು ದಿನ ಏನೂ ಇಡಬೇಡಿ. ಖಾಲಿ ಅಂದರೆ ಪೂರ್ತಿ ಖಾಲಿ.

ಇಳಿದ ಕೂಡಲೇ ಒಂದು ಆಶ್ಚರ್ಯ ಕಾದಿರುತ್ತೆ. ಕೋನಾ ಏರ್‌ಪೋರ್ಟ್ ಕಟ್ಟಿರುವುದೇ 1801ರಲ್ಲಿ ಹರಿದ ಲಾವಾದ ಮೇಲೆ. ಸುತ್ತ ಹಸಿರು ಇಲ್ಲ, ತೆಂಗಿನ ತೋಪಿಲ್ಲ, ಕಣ್ಣು ಹಾಯಿಸಿದಷ್ಟು ಕರ್ರಗಿನ ಕಲ್ಲು. ಅಮ್ಮ ಕಿಟಕಿಯಿಂದ ನೋಡಿ, "ಇಷ್ಟು ದುಡ್ಡು ಕೊಟ್ಟು ಉತ್ತ ಗದ್ದೆ ನೋಡಕ್ಕೆ ಕರ್ಕೊಂಡು ಬಂದ್ಯನಾ?" ಅಂದರು. ಆ ಕಪ್ಪು ಕಲ್ಲಿನ ಮೇಲೆ ರಸ್ತೆಯುದ್ದಕ್ಕೂ ಜನ ಬಿಳಿ ಹವಳದ ಚೂರು ಜೋಡಿಸಿ ತಮ್ಮ ಹೆಸರು ಬರೆದಿಟ್ಟಿರುತ್ತಾರೆ. ಮನೆ ಮುಟ್ಟುವವರೆಗೆ ಅಮ್ಮ ಅದನ್ನೇ ಓದುತ್ತಾ ಕೂತರು.

ಟೈಮ್ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಹವಾಯಿ ನಿಮ್ಮ ಕ್ಯಾಲಿಫೋರ್ನಿಯಾಕ್ಕಿಂತ 3 ಗಂಟೆ ಹಿಂದೆ. ಮಾವ ಮನೆಯಲ್ಲಿ ಐದಕ್ಕೆ ಏಳುವವರಾದರೆ ಅಲ್ಲಿ ರಾತ್ರಿ ಎರಡಕ್ಕೆ ಎದ್ದು ಕಾಫಿ ಕೇಳುತ್ತಾರೆ. ಮೊದಲ ಎರಡು ದಿನ ಹೀಗೇ. ಅದಕ್ಕೇ ಕೋನಾ ಮೊದಲು ಅಂದಿದ್ದು. ಬೆಳಿಗ್ಗೆ ಏಳಕ್ಕೆ ಹಾಪುನಾ ಬೀಚಿಗೆ ಕರೆದುಕೊಂಡು ಹೋಗಿ. ಬಿಳಿ ಮರಳು, ಜನ ಇರಲ್ಲ. ಚಳಿಗಾಲದಲ್ಲಿ ಮಾತ್ರ ಅಲೆ ಜೋರು, ವಯಸ್ಸಾದವರನ್ನು ನೀರಿಗೆ ಇಳಿಸಬೇಡಿ. ಇನ್ನೊಂದು ಸಂಜೆ ಹೊನೌನೌ ಎಂಬಲ್ಲಿನ ಪುಉಹೊನುವಾಗೆ ಹೋಗಿ. ಹಳೆಯ ಕಾಲದಲ್ಲಿ ಕಟ್ಟಳೆ ಮುರಿದವನಿಗೆ ಮರಣದಂಡನೆ ಇತ್ತಂತೆ. ತಪ್ಪಿಸಿಕೊಂಡು ಈ ಆವರಣದೊಳಗೆ ಬಂದು ಸೇರಿದರೆ ಪೂಜಾರಿ ಶುದ್ಧ ಮಾಡಿ ಬಿಟ್ಟುಬಿಡುತ್ತಿದ್ದ. ಬಹುಪಾಲು ಸಮತಟ್ಟು ಜಾಗ, ಅತ್ತೆಯವರ ಮಂಡಿಗೆ ತೊಂದರೆ ಇಲ್ಲ. ಸೂರ್ಯ ಮುಳುಗುವವರೆಗೆ ಸುಮ್ನೆ ಕೂತಿರಬಹುದು.

ಮಾವನಿಗೆ ತೋಟದ ಹಿನ್ನೆಲೆ ಇದೆಯಾ? ಇದ್ದರೆ ಒಂದು ಬೆಳಿಗ್ಗೆ ಕಾಫಿ ತೋಟಕ್ಕೆ ಮೀಸಲಿಡಿ. ನಮ್ಮಪ್ಪನಿಗೆ ಇಡೀ ವಾರದಲ್ಲಿ ತುಂಬಾ ಇಷ್ಟವಾಗಿದ್ದು ಅದೇ, ಜ್ವಾಲಾಮುಖಿ ಅಲ್ಲ. ಕಾರಿಂದ ಇಳಿದವರೇ, "ನೆರಳೇ ಇಲ್ಲವಲ್ಲ, ಗಿಡ ಹೇಗೆ ತಡ್ಕೊಳ್ತದೆ?" ಅಂದರು. ಅಲ್ಲಿ ಮಧ್ಯಾಹ್ನ ಆದರೆ ಸಾಕು, ಬೆಟ್ಟದ ಮೇಲೆ ಮೋಡ ಬಂದು ಕೂರುತ್ತೆ. ಮೋಡವೇ ನೆರಳು. ಸ್ವಲ್ಪ ಮುಂದೆ ಹೋದಾಗ ಗಿಡದಲ್ಲಿ ಒಂದು ಕೆಂಪು ಟ್ರ್ಯಾಪ್ ನೇತಾಡುತ್ತಿತ್ತು. ಅಪ್ಪ ನಿಂತುಬಿಟ್ಟರು. "ಬೆರ್ರಿ ಬೋರರ್!" ಅಂತ ಕೂಗಿದರು, ಹಳೇ ಸ್ನೇಹಿತ ಸಿಕ್ಕಿದ ಹಾಗೆ. ತೋಟ ತೋರಿಸುತ್ತಿದ್ದ ಹೆಂಗಸು ಬೆಚ್ಚಿಬಿದ್ದು ತಿರುಗಿ ನೋಡಿದಳು. ಕಾಫಿ ಹಣ್ಣು ಕೊರೆಯುವ ಆ ಹುಳ ನಮ್ಮ ದೇಶದಲ್ಲಿ ಕಾಣಿಸಿದ್ದು 1990ರಲ್ಲಿ, ಕೋನಾದಲ್ಲಿ 2010ರಲ್ಲಿ. ಅಂದರೆ ಈ ವಿಷಯದಲ್ಲಿ ನಾವು ಅವರಿಗಿಂತ 20 ವರ್ಷ ಸೀನಿಯರ್. ಅಪ್ಪ ಒಂದು ಹಣ್ಣು ಕಿತ್ತು, ತುದಿಯಲ್ಲಿದ್ದ ಸೂಜಿ ಮೊನೆಯಷ್ಟು ತೂತು ತೋರಿಸಿ, ಹಿಚುಕಿ, ಬೀಜ ಬಿಡಿಸಿ ಅವಳ ಅಂಗೈಗೆ ಇಟ್ಟರು. ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವಳಿಗೆ ಕನ್ನಡ ಬರಲ್ಲ. ಅರ್ಧ ಗಂಟೆ ಮಾತಾಡಿದರು.

ಅಲ್ಲಿನ ಹಳೆಯ ತೋಟಗಳಲ್ಲಿ ಜಪಾನಿನಿಂದ ಬಂದ ರೈತರು ಮಾಡಿದ ಒಂದು ಒಣಗಿಸುವ ಅಟ್ಟ ಇದೆ, ಹೊಶಿದಾನಾ ಅಂತಾರೆ. ಮೇಲಿನ ಚಾವಣಿಗೆ ಗಾಲಿ. ಬಿಸಿಲಿದ್ದರೆ ಚಾವಣಿ ಪಕ್ಕಕ್ಕೆ ತಳ್ಳುವುದು, ಮಳೆ ಬಂದರೆ ಎಳೆದು ಮುಚ್ಚುವುದು. ಅಕಾಲದ ಮಳೆಗೆ ರಾತ್ರಿ ಎದ್ದು ಟಾರ್ಪಾಲು ಹಿಡಿದು ಕಣಕ್ಕೆ ಓಡಿ ಅಭ್ಯಾಸವಿರುವ ಅಪ್ಪ ಅದನ್ನು ಮೂರು ಸಲ ತಳ್ಳಿ ನೋಡಿದರು. ಅಂದ ಹಾಗೆ, ಕಾಫಿ ಪುಡಿ ಕೊಳ್ಳುವಾಗ ಲೇಬಲ್ ಓದಿ. "ಕೋನಾ ಬ್ಲೆಂಡ್" ಅಂತ ದೊಡ್ಡದಾಗಿ ಬರೆದು ಕೆಳಗೆ ಸಣ್ಣದಾಗಿ 10% ಅಂತ ಇರುತ್ತೆ. ಮಿಕ್ಕಿದ್ದು ಬೇರೆಲ್ಲಿಯದೋ ಬೀಜ. "ಚಿಕೋರಿ ಬೆರೆಸೋರು ನಾವೊಬ್ಬರೇ ಅಂದ್ಕೊಂಡಿದ್ದೆ" ಅಂದರು ಅಪ್ಪ.

ಇನ್ನು ಜ್ವಾಲಾಮುಖಿ. ಮೊದಲೇ ಹೇಳಿಬಿಡಿ, ಚಿತ್ರದಲ್ಲಿ ಬರೆಯುವ ಹಾಗೆ ತ್ರಿಕೋನದ ಬೆಟ್ಟ, ತುದಿಯಲ್ಲಿ ಬೆಂಕಿ, ಆ ಥರ ಇರಲ್ಲ. ಮೌನಾ ಲೋವಾ ನೋಡಲು ದೋಸೆ ಕಾವಲಿ ಬೋರಲು ಹಾಕಿದಂತಿದೆ. ಪಾರ್ಕಿನಲ್ಲಿ ನೀವು ನೋಡಲಿರುವ ಜ್ವಾಲಾಮುಖಿ ಕೀಲವೇಯಾ ಅಂದರೆ ಕಾಡಿನ ನಡುವೆ ಒಂದು ಭಾರೀ ಕುಳಿ. 2024ರ ಡಿಸೆಂಬರ್ 23ರಿಂದ ಅದು ಬಿಟ್ಟು ಬಿಟ್ಟು ಉಕ್ಕಲು ಶುರುಮಾಡಿತು. ಕೆಲವು ಗಂಟೆ ಚಿಮ್ಮುತ್ತೆ, ಕೆಲವು ಸಲ 300 ಮೀಟರಿಗಿಂತ ಎತ್ತರಕ್ಕೆ. ಆಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸುಮ್ಮನಿರುತ್ತೆ. ಅಮೆರಿಕದ ಭೂವಿಜ್ಞಾನ ಇಲಾಖೆ ಯೂಟ್ಯೂಬಿನಲ್ಲಿ ಕುಳಿಯನ್ನು ನೇರವಾಗಿ ತೋರಿಸುತ್ತೆ, ಮುಂದಿನ ಸರದಿ ಯಾವಾಗ ಇರಬಹುದು ಅಂತ ಅಂದಾಜೂ ಕೊಡುತ್ತೆ. ಹೊರಡುವ ಮುಂಚೆ ನೋಡಿ, ಆದರೆ ಅದನ್ನು ನಂಬಿ ಟಿಕೆಟ್ ಮಾಡಬೇಡಿ. ಪಕ್ಕದಲ್ಲೇ ಮೂರು ರಾತ್ರಿ ಇರಿ ಅಂದಿದ್ದು ಅದಕ್ಕೇ. ಮಂಜು ಕವಿದರೆ ಮನೆಗೆ ಹೋಗಿ ಮಲಗಿ ಬೆಳಿಗ್ಗೆ ಬರಬಹುದು. ಕಾರಿಗೆ 30 ಡಾಲರ್ ಕೊಟ್ಟರೆ ಟಿಕೆಟ್ 7 ದಿನ ನಡೆಯುತ್ತೆ.

ನಮ್ಮ ಸರದಿಗೆ ಅದು ಉಕ್ಕಲಿಲ್ಲ. ರಾತ್ರಿ ಹೊತ್ತು ಬಾಯಲ್ಲಿ ಕೆಂಡದಷ್ಟು ಕೆಂಪು, ಅಷ್ಟೇ. ಹವಾಯಿಯವರಿಗೆ ಅದು ಪೆಲೆ ದೇವಿಯ ಮನೆ. ಅಮ್ಮ ಪರ್ಸಿನಿಂದ ಕುಂಕುಮದ ಭರಣಿ ತೆಗೆದರು. ಇಲ್ಲಿ ಏನೂ ಹಾಕುವ ಹಾಗಿಲ್ಲ ಅಂದಾಗ ಸುಮ್ನೆ ಕೈ ಮುಗಿದು ತಮ್ಮ ಹಣೆಗೇ ಇಟ್ಟುಕೊಂಡರು. ಹಾಗೇ ಕಲ್ಲು ತೆಗೆದುಕೊಂಡು ಹೋಗುವಂತೆಯೂ ಇಲ್ಲ. ತೆಗೆದುಕೊಂಡು ಹೋದವರು ಕೆಟ್ಟದ್ದಾಯಿತು ಅಂತ ಹೆದರಿ ಪೋಸ್ಟಿನಲ್ಲಿ ವಾಪಸ್ ಕಳಿಸುತ್ತಾರಂತೆ. ಅಪ್ಪ ಒಂದನ್ನು ಎತ್ತಿ, ತೂಕ ನೋಡಿ, ಜಾಗದಲ್ಲೇ ಇಟ್ಟರು.

ಪಾರ್ಕಿನಲ್ಲಿ ವಯಸ್ಸಾದವರಿಗೆ ಸುಲಭವಾದದ್ದು ಹಬೆ ಬರುವ ಜಾಗ. ಮಳೆ ನೀರು ನೆಲದೊಳಗೆ ಇಳಿದು ಬಿಸಿ ಕಲ್ಲಿಗೆ ತಾಗಿ ಮೇಲೆ ಬರುತ್ತೆ. ಅಮ್ಮ ಕಟಾಂಜನದ ಮೇಲೆ ಬಗ್ಗಿದ್ದೇ ತಡ, ಕನ್ನಡಕ ಪೂರ್ತಿ ಮಸುಕಾಯಿತು, ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಆಗುತ್ತಲ್ಲ, ಹಾಗೆ. ಚಳಿಗೆ ಹಿತವಾಗಿತ್ತು, ಅಲ್ಲಿಂದ ಏಳಿಸುವುದೇ ಕಷ್ಟವಾಯಿತು. ಇನ್ನೊಂದು, ಚೈನ್ ಆಫ್ ಕ್ರೇಟರ್ಸ್ ರಸ್ತೆ. ಕಾರಿನಲ್ಲೇ ಕೂತು ಸಮುದ್ರದವರೆಗೆ 30 ಕಿ.ಮೀ. ಇಳಿಯಬಹುದು. ದಾರಿಯಲ್ಲಿ ಪೆಟ್ರೋಲೂ ಇಲ್ಲ, ಅಂಗಡಿಯೂ ಇಲ್ಲ, ನೀರು ಇಟ್ಟುಕೊಳ್ಳಿ. ಇಕ್ಕೆಲದಲ್ಲಿ ಎರಡು ಥರದ ಲಾವಾ ಕಾಣುತ್ತೆ. ಒಂದು ಜೋನಿ ಬೆಲ್ಲ ಸುರಿದು ಆರಿದ ಹಾಗೆ ಮಡಿಕೆ ಮಡಿಕೆ, ಇನ್ನೊಂದು ಸುಟ್ಟ ಇಟ್ಟಿಗೆ ಪುಡಿ ಮಾಡಿ ಸುರಿದ ಹಾಗೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳೂ ಲಾವಾನೇ, ಆದರೆ ಸುಮಾರು 8.8 ಕೋಟಿ ವರ್ಷ ಹಳೆಯವು. ಇಲ್ಲಿಯ ಕೆಲವು ಕಲ್ಲು ನಿಮಗಿಂತ ಚಿಕ್ಕವು!

ಕೀಲವೇಯಾ ಇಕಿ ಅಂತ ಒಂದು ಕುಳಿ ಇದೆ, 1959ರಲ್ಲಿ ಉಕ್ಕಿದ್ದು. ಅದರ ತಳದಲ್ಲಿ ನಡೆದು ದಾಟುವ ದಾರಿ ಚೆನ್ನಾಗಿದೆ, ಆದರೆ 120 ಮೀಟರ್ ಇಳಿದು ಹತ್ತಬೇಕು. ಅದು ನಿಮಗೂ ಯಜಮಾನರಿಗೂ. ಅತ್ತೆ ಮೇಲಿಂದ ನೋಡಲಿ.

ಮಾವನ ದಮ್ಮಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕುಳಿಯಿಂದ ಗಂಧಕದ ಹೊಗೆ ಬರುತ್ತೆ, ಗಾಳಿ ಬದಲಾದರೆ ಜನ ಇರುವ ಕಡೆಗೇ ತಿರುಗುತ್ತೆ. ಪಾರ್ಕಿನವರು ಗಾಳಿಯ ಗುಣಮಟ್ಟ ಹಾಕುತ್ತಿರುತ್ತಾರೆ, ದಿನಾ ನೋಡಿ. ಇನ್‌ಹೇಲರ್ ಕಾರಿನಲ್ಲಲ್ಲ, ಜೇಬಲ್ಲಿ ಇರಲಿ. ಡಾಕ್ಟರನ್ನು ಕೇಳಿಯೇ ಹೊರಡಿ. ಮೌನಾ ಕೇಯಾ ತುದಿ 4,200 ಮೀಟರ್, ಅದು ಪಟ್ಟಿಯಿಂದ ಹೋಗಲಿ. ನಕ್ಷತ್ರ ನೋಡಲು 2,800 ಮೀಟರಿನಲ್ಲಿರುವ ಕೇಂದ್ರಕ್ಕೆ ಹೋಗುತ್ತಾರೆ, ನಿಮ್ಮ ಮಾವನಿಗೆ ಅದೂ ಬೇಡ ಅನಿಸುತ್ತೆ.

ಊಟ. ಹೋಟೆಲ್ ನಂಬಬೇಡಿ. ಅನ್ನದ ಉಂಡೆ ಅಂತ ಕೊಂಡರೆ ಮೇಲೆ ಮಾಂಸದ ತುಂಡು ಇರುತ್ತೆ, ನೂಡಲ್ಸ್ ನೀರಿನಲ್ಲಿ ಮೀನಿರುತ್ತೆ. ಅಲ್ಲಿ ಸಿಗುವ ಅಕ್ಕಿ ಜಾಸ್ತಿ ಅಂಟು ಅಕ್ಕಿ. ಸೋನಾ ಮಸೂರಿ, ಸಾರಿನ ಪುಡಿ, ಉಪ್ಪಿನಕಾಯಿ, ಸಣ್ಣ ಕುಕ್ಕರ್ ಒಯ್ಯಿರಿ. ಹಸಿ ಕರಿಬೇವು ಬೇಡ, ಗಿಡ ಸೊಪ್ಪು ತರುತ್ತಿದ್ದೀರಾ ಅಂತ ಡಿಕ್ಲರೇಶನ್ ಕೇಳುತ್ತಾರೆ.

ಆದರೆ ಹೀಲೋ ಮಾರ್ಕೆಟ್ಟಿಗೆ ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ. ಬುಧವಾರ, ಶನಿವಾರ ದೊಡ್ಡ ಸಂತೆ. ನಮ್ಮಮ್ಮ ಅಲ್ಲಿ ಕೆಸುವಿನ ಎಲೆಯ ಕಟ್ಟು ನೋಡಿ ನಿಂತರು. ಮೂಲ ಹವಾಯಿಯವರಿಗೆ ಕೆಸು ನಮ್ಮ ರಾಗಿಯ ಹಾಗೆ, ಹಳೆಯ ಕಾಲದಲ್ಲಿ ಅದೇ ಮುಖ್ಯ ಆಹಾರ. ಗಡ್ಡೆ ಬೇಯಿಸಿ ಜಜ್ಜಿ ನೇರಳೆ ಬಣ್ಣದ ಅಂಬಲಿ ಥರ ಮಾಡುತ್ತಾರೆ, ಪೋಯ್ ಅಂತ. ಅಮ್ಮ ಒಂದು ಚಮಚ ತಿಂದು, "ಇದಕ್ಕೊಂದು ಒಗ್ಗರಣೆ ಹಾಕಬಾರದಿತ್ತಾ" ಅಂದರು. ಪಕ್ಕದಲ್ಲೇ ಜೀಗುಜ್ಜೆ ರಾಶಿ. ಆ ದಿನ ಬೇರೆಲ್ಲೂ ಹೋಗಲಿಲ್ಲ. ವಾಲ್ಕೇನೋದ ಬಾಡಿಗೆ ಮನೆಯಲ್ಲಿ ಅಮ್ಮ ಪತ್ರೊಡೆ ಮಾಡಿದರು. ಹುಣಸೆಹಣ್ಣು ಸಿಗದೆ ನಿಂಬೆಹುಳಿ ಜಾಸ್ತಿ ಹಿಂಡಿದರು, ಆದರೂ ನನಗೆ ಗಂಟಲು ಸ್ವಲ್ಪ ಕೆರೆಯಿತು. ಹೊರಗೆ ಮಳೆ ಹುಯ್ಯುತ್ತಿತ್ತು. ಅಪ್ಪ ಜಗಲಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು, "ಇದೂ ಒಂದು ಮಳೆಯಾ?" ಅಂತ ಆಗುಂಬೆಯ ಲೆಕ್ಕ ಹೇಳುತ್ತಿದ್ದರು. ನಾನು ಹೇಳಿದ ಖಾಲಿ ದಿನ ಅಂದರೆ ಇದೇ.

ಕೋನಾಗೆ ವಾಪಸ್ ಬರುವಾಗ ದಕ್ಷಿಣದ ದಾರಿ ಹಿಡಿಯಿರಿ, ಪುನಲುಉ ಎಂಬ ಕಪ್ಪು ಮರಳಿನ ಬೀಚ್ ಸಿಗುತ್ತೆ. ಬಿಸಿ ಲಾವಾ ನೀರಿಗೆ ಬಿದ್ದು ಪುಡಿಯಾಗಿ ಆದ ಮರಳು. ಹಸಿರು ಆಮೆಗಳು ದಡಕ್ಕೆ ಬಂದು ಬಿಸಿಲು ಕಾಯಿಸುತ್ತಾ ಬಿದ್ದಿರುತ್ತವೆ. ಹತ್ತಡಿಗಿಂತ ಹತ್ತಿರ ಹೋಗಬೇಡಿ.

ಯಾವ ತಿಂಗಳು ಹೋಗುತ್ತೀರಿ ಅಂತ ಬರೆದಿಲ್ಲ. ಫೆಬ್ರವರಿ ಮಾರ್ಚಿನಲ್ಲಾದರೆ ಕಾಫಿ ಹೂ ಸಿಗಬಹುದು, ಸೆಪ್ಟೆಂಬರ್ ಅಕ್ಟೋಬರಿನಲ್ಲಾದರೆ ಕುಯಿಲು. ತಿಂಗಳು ಹೇಳಿ, ಅತ್ತೆ ಎಷ್ಟು ಮೆಟ್ಟಿಲು ಹತ್ತುತ್ತಾರೆ ಅಂತಲೂ ಹೇಳಿ. ನಾವಿದ್ದ ವಾಲ್ಕೇನೋದ ಮನೆಗೆ ಹನ್ನೊಂದು ಮೆಟ್ಟಿಲಿತ್ತು, ಬುಕ್ ಮಾಡುವಾಗ ಫೋಟೋದಲ್ಲಿ ಒಂದೂ ಕಂಡಿರಲಿಲ್ಲ.