ಅಜ್ಜನ ಟಿಲ್ಲರ್ ಮತ್ತೆ ತಿರುಗೀತೇ?

ಹಳೆಯ ಪವರ್ ಟಿಲ್ಲರ್ ದುರಸ್ತಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಅಜ್ಜ ಕೊಂಡಿದ್ದ ಟಿಲ್ಲರ್ 12 ವರ್ಷದಿಂದ ಕೊಟ್ಟಿಗೆಯ ಮೂಲೆಯಲ್ಲಿದೆ. ಹ್ಯಾಂಡಲ್ ಹಾಕಿ ಇಬ್ಬರು ಒತ್ತಿದರೂ ಎಂಜಿನ್ ಅಲ್ಲಾಡುವುದಿಲ್ಲ. ಗ್ಯಾರೇಜಿನವರು ಗುಜರಿಗೆ ಹಾಕಿ ಎನ್ನುತ್ತಾರೆ. ಏನು ಮಾಡಬಹುದು?
— ಓದುಗರು, ಶಿರಸಿ ತಾಲೂಕು

ಉತ್ತರ: ಮೊದಲು ಹ್ಯಾಂಡಲ್ ಒತ್ತುವುದನ್ನು ನಿಲ್ಲಿಸಿ. ಈಗ ಬಲಪ್ರಯೋಗ ಮಾಡಿದರೆ ಉಳಿಯಬಹುದಾದ ಪಿಸ್ಟನ್ ರಿಂಗ್ ಮುರಿದು ಲೈನರನ್ನು (ಸಿಲಿಂಡರಿನ ಒಳಕೊಳವೆಯನ್ನು) ಗೀರುತ್ತದೆ. ಗುಜರಿಯ ಮಾತು ಆಮೇಲೆ. ಬ್ಲಾಕ್ ಒಡೆಯದಿದ್ದರೆ ಇಂಥ ಎಂಜಿನ್‌ಗಳು ಸಾಮಾನ್ಯವಾಗಿ ಎದ್ದು ಬರುತ್ತವೆ.

ಜಾಮ್ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಬೆಲ್ಟ್‌ಗಳನ್ನು ಕಳಚಿ, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಶನ್ ಲಿವರ್ ಎತ್ತಿ, ಫ್ಲೈವೀಲನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ. ಬೆಲ್ಟ್ ತೆಗೆದ ಮೇಲೆ ಎಂಜಿನ್ ತಿರುಗಿದರೆ ದೋಷ ಕ್ಲಚ್ಚಿನಲ್ಲೋ ಗೇರ್ ಬಾಕ್ಸಿನಲ್ಲೋ ಇದೆ. ಸ್ವಲ್ಪ ತಿರುಗಿ ಟಕ್ ಎಂದು ನಿಂತರೆ ವಾಲ್ವ್ ಅಂಟಿಕೊಂಡಿರಬಹುದು. ಕೂದಲೆಳೆಯಷ್ಟೂ ಕದಲದಿದ್ದರೆ ರಿಂಗ್ ಲೈನರಿಗೆ ತುಕ್ಕಿನಿಂದ ಬೆಸೆದುಕೊಂಡಿದೆ. ಮಳೆಗಾಲದ ತೇವ ಸೈಲೆನ್ಸರ್ ಮೂಲಕ ಒಳಹೊಕ್ಕರೆ ಹೀಗಾಗುತ್ತದೆ.

ಇನ್ನು ಎಂಜಿನ್ ಆಯಿಲ್. ಡ್ರೇನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಎರಡು ಸುತ್ತು ಮಾತ್ರ ಸಡಿಲಿಸಿ, ಕೆಳಗೆ ಬಿಳಿ ತಟ್ಟೆ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೊದಲು ತುಕ್ಕು ಬಣ್ಣದ ನೀರು ಬಂದು ಆಮೇಲೆ ಕಪ್ಪು ಎಣ್ಣೆ ಇಳಿದರೆ, ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಅಡಿಯ ಪದರ) ಹೋಗಿದೆ ಇಲ್ಲವೇ ಲೈನರಿನ ಬುಡದ ರಬ್ಬರ್ ರಿಂಗ್ ಕೊಳೆತಿದೆ. ಎರಡನ್ನೂ ಬದಲಿಸಬೇಕು.

ಡೀಸೆಲ್ ಸಿಂಪಡಿಸುವ ನೋಝಲ್ ಕೂರುವ ತೂತಿನಿಂದ ಸೀಮೆಎಣ್ಣೆ ಸುರಿದು ಕಾಯುವುದು ರೂಢಿ. ಟಿಲ್ಲರಿನಲ್ಲಿ ಅದು ಅರ್ಧ ಕೆಲಸ ಅಷ್ಟೇ. ಇದರ ಸಿಲಿಂಡರ್ ಅಡ್ಡ ಮಲಗಿರುವುದರಿಂದ ಸುರಿದದ್ದೆಲ್ಲ ಕೆಳಬದಿಗೆ ಇಳಿದು, ಮೇಲ್ಬದಿಯ ರಿಂಗು ಒಣಗಿಯೇ ಇರುತ್ತದೆ. ಆದ್ದರಿಂದ ನೀರು, ಡೀಸೆಲ್, ಆಯಿಲ್ ಎಲ್ಲ ಖಾಲಿ ಮಾಡಿ ಹೆಡ್ ಬಿಚ್ಚಿ. ಎಂಜಿನ್ನನ್ನು ಚೈನ್ ಬ್ಲಾಕಿನಲ್ಲಿ (ಸರಪಳಿ ರಾಟೆಯಲ್ಲಿ) ಇಳಿಸಿ, ಹೆಡ್ ಇದ್ದ ಬದಿ ಆಕಾಶ ನೋಡುವಂತೆ ನಿಲ್ಲಿಸಿ. ಅರ್ಧ ಡೀಸೆಲ್, ಅರ್ಧ ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ ಬೆರೆಸಿ ಪಿಸ್ಟನ್ ಮೇಲೆ ಸುಮಾರು 100 ಮಿ.ಲೀ. ಹಾಕಿ. ಇಳಿದಂತೆಲ್ಲ ಮತ್ತೆ ತುಂಬಿ, ನಾಲ್ಕೈದು ದಿನ ಬಿಡಿ.

ಬಳಿಕ ಪಿಸ್ಟನ್ ಮೇಲೆ ಗಟ್ಟಿ ಮರದ ತುಂಡು ಇಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಪಿಸ್ಟನ್ ತೀರಾ ಮೇಲ್ತುದಿಯಲ್ಲೋ ಕೆಳತುದಿಯಲ್ಲೋ ನಿಂತಿದ್ದರೆ ತಟ್ಟಲೇಬೇಡಿ. ಆ ಸ್ಥಾನದಲ್ಲಿ ಪೆಟ್ಟು ಕ್ರ್ಯಾಂಕನ್ನು ತಿರುಗಿಸುವುದಿಲ್ಲ, ನೇರ ಬೇರಿಂಗಿಗೆ ಹೋಗುತ್ತದೆ. ಆಗ ಹಿಂಬದಿಯ ಮುಚ್ಚಳ ತೆಗೆದು ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿ, ಪಿಸ್ಟನ್ನನ್ನು ಹೆಡ್ ಕಡೆಗೆ ಹೊರದೂಡಿ. ಬಿಚ್ಚುವ ಮೊದಲು ಕ್ಯಾಪಿಗೂ ರಾಡಿಗೂ ಒಂದೇ ಬದಿಯಲ್ಲಿ ಗುರುತು ಹಾಕಿ. ಕ್ಯಾಪ್ ತಿರುಗಿಸಿ ಕೂರಿಸಿದರೆ ಬೇರಿಂಗ್ ಬಹಳ ದಿನ ಬಾಳದು.

ಲೈನರಿನ ಒಳಗೋಡೆಯ ಮೇಲೆ ಉಗುರು ಎಳೆಯಿರಿ. ಕಂದು ಕಲೆ ಮಾತ್ರವಿದ್ದು ಉಗುರು ಸಿಕ್ಕದಿದ್ದರೆ, ಎಣ್ಣೆ ಹಚ್ಚಿದ 220 ನಂಬರಿನ ಎಮರಿಯಿಂದ ಓರೆಗೆರೆ ಬರುವಂತೆ ಉಜ್ಜಿ ಹೊಸ ರಿಂಗ್ ಹಾಕಿದರೆ ಸಾಕು. ಉಗುರು ಗುಳಿಗೆ ಸಿಕ್ಕಿದರೆ ಲೈನರ್, ಪಿಸ್ಟನ್, ರಿಂಗ್ ಸೆಟ್ಟನ್ನೇ ಬದಲಿಸಿ. ಇಲ್ಲಿ ಕಂಜೂಸಿ ಮಾಡಿದರೆ ಗಾಡಿ ಹೊಗೆ ಉಗುಳುತ್ತ, ಎಣ್ಣೆ ಕುಡಿಯುತ್ತ ಎರಡೇ ಹಂಗಾಮು ನಡೆದೀತು. ಹೊಸ ರಿಂಗನ್ನು ಮೊದಲು ಒಂಟಿಯಾಗಿ ಲೈನರೊಳಗೆ ಇಳಿಸಿ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಬೋರಿನ (ಸಿಲಿಂಡರಿನ ಒಳವ್ಯಾಸದ) ಪ್ರತಿ 25 ಮಿ.ಮೀ.ಗೆ 0.08ರಿಂದ 0.1 ಮಿ.ಮೀ. ಎಂಬುದು ಸಾಮಾನ್ಯ ಲೆಕ್ಕ. ಸಂದು ಇಲ್ಲದಿದ್ದರೆ ಬಿಸಿಗೆ ಹಿಗ್ಗಿದ ರಿಂಗ್ ಮತ್ತೆ ಜಾಮ್ ಆಗುತ್ತದೆ.

ಹೊಸ ಲೈನರ್ ಕೂರಿಸುವಾಗ ರಬ್ಬರ್ ರಿಂಗಿಗೆ ಸೋಪಿನ ನೀರು ಸವರಿ, ಅದು ಹೊರಳದಂತೆ ನೇರ ಒತ್ತಿ. ಲೈನರಿನ ಮೇಲಂಚು ಬ್ಲಾಕಿಗಿಂತ ತುಸುವೇ ಎತ್ತರದಲ್ಲಿರಬೇಕು. ತಗ್ಗಿದ್ದರೆ ಅದು ಕೂರುವ ಆಸನವೇ ಸವೆದಿದೆಯೋ ನೋಡಿ. ಹಾಗೆಯೇ ಮುಚ್ಚಿದರೆ ಹೆಡ್ ಗ್ಯಾಸ್ಕೆಟ್ ಬೇಗ ಹೋಗುತ್ತದೆ. ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಮೂರು ಹಂತದಲ್ಲಿ ಬಿಗಿಯಿರಿ.

ನೋಝಲ್ ಪರೀಕ್ಷೆಯನ್ನು ಡೀಸೆಲ್ ಪಂಪ್ ದುರಸ್ತಿಯವರಲ್ಲೇ ಮಾಡಿಸಿ. ಮಂಜಿನಂತೆ ಸಿಂಪಡಿಸಿ ಥಟ್ಟನೆ ನಿಲ್ಲಬೇಕು. ತುದಿಯಲ್ಲಿ ಹನಿ ತೊಟ್ಟಿಕ್ಕಿದರೆ ಕೆಟ್ಟಿದೆ. ಸಿಂಪಡಿಸುವಾಗ ಎದುರಿಗೆ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಚುಕ್ಕೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಏರ್ ಕ್ಲೀನರ್ ಎಣ್ಣೆಯದ್ದಾದರೆ ಬಟ್ಟಲಿನ ಗೆರೆಯವರೆಗೆ ಮಾತ್ರ ತುಂಬಿ. ಹೆಚ್ಚಾದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದು ಉರಿಸುತ್ತ ಅಂಕೆಗೆ ಸಿಗದೆ ಓಡುತ್ತದೆ, ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿಗೆ ಒತ್ತಲು ಅಳತೆಗೆ ತಕ್ಕ ಹಲಗೆ ತುಂಡೊಂದು ಮೊದಲ ಸ್ಟಾರ್ಟಿನ ಹೊತ್ತಿಗೆ ಪಕ್ಕದಲ್ಲಿರಲಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಬೇಕು. ಎಂಜಿನ್ ಹಿಂದಕ್ಕೆ ಒದ್ದಾಗ ಮುರಿಯುವುದು ಸುತ್ತಿ ಹಿಡಿದ ಹೆಬ್ಬೆರಳೇ.

ಪ್ರಶ್ನೆ: ನಮ್ಮದು ಅಘನಾಶಿನಿ ದಂಡೆಯ ಗಜನಿ (ಉಪ್ಪುನೀರು ನುಗ್ಗುವ) ಗದ್ದೆ. ದೊಡ್ಡಪ್ಪನ ಕಾಲದ ಟಿಲ್ಲರಿಗೆ ಎರಡು ಸಲ ಪೇಂಟ್ ಹೊಡೆಸಿದರೂ ಒಂದೇ ಮಳೆಗಾಲಕ್ಕೆ ಹೊಪ್ಪಳೆ ಏಳುತ್ತದೆ. ಪೇಂಟ್ ಸರಿ ಇಲ್ಲವೇ?
— ಓದುಗರು, ಕುಮಟಾ

ಉತ್ತರ: ತಪ್ಪು ಪೇಂಟಿನದಲ್ಲ, ಕೆಳಗೆ ಉಳಿದ ಉಪ್ಪಿನದು. ಗಜನಿಯ ಕೆಸರಿನ ಉಪ್ಪು ತುಕ್ಕಿನ ಗುಳಿಯೊಳಗೆ ಸೇರಿರುತ್ತದೆ. ಅದರ ಮೇಲೆ ಎಷ್ಟು ಬಳಿದರೂ ತೇವ ಎಳೆದುಕೊಂಡು ಒಳಗಿಂದಲೇ ತುಕ್ಕು ಬೆಳೆಯುತ್ತದೆ. ಮೊದಲು ಬಾವಿಯ ಸಿಹಿನೀರಿನಲ್ಲಿ ತೊಳೆಯಿರಿ, ವೈರ್ ಬ್ರಶ್ಶಿನಿಂದ ತುಕ್ಕು ಕೆರೆಯಿರಿ, ಮತ್ತೆ ತೊಳೆಯಿರಿ. ಕೆರೆದ ಮೇಲಿನ ಈ ಎರಡನೇ ತೊಳೆತವನ್ನೇ ಎಲ್ಲರೂ ಬಿಡುವುದು. ಬಿಸಿಲಲ್ಲಿ ಒಣಗಿಸಿ, ಎಣ್ಣೆ ಜಿಡ್ಡನ್ನು ಥಿನ್ನರಿನಿಂದ ಒರೆಸಿ, ಅದೇ ದಿನ ಪ್ರೈಮರ್ ಹಚ್ಚಿ. ಕರಾವಳಿಯ ಗಾಳಿಗೆ ಬರಿಯ ಕಬ್ಬಿಣ ಒಂದು ರಾತ್ರಿಯಲ್ಲೇ ಕೆಂಪಾಗುತ್ತದೆ. ಎರಡು ಕೈ ಪ್ರೈಮರ್, ಎರಡು ಕೈ ಎನಾಮಲ್. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಎಂಜಿನ್ ನಂಬರಿನ ತಗಡಿನ ಮೇಲೆ ಮಾತ್ರ ಪೇಂಟ್ ಬೇಡ.

ಡೀಸೆಲ್ ಟ್ಯಾಂಕಿನ ಒಳಗೂ ತುಕ್ಕಿರುತ್ತದೆ. ಡೀಸೆಲ್ ಪೂರ್ತಿ ತೆಗೆದು ಸೋಪಿನ ನೀರಲ್ಲಿ ತೊಳೆದ ಮೇಲೆ, ಲೀಟರ್ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ತುಂಬಿ, ಒಂದು ರಾತ್ರಿ ಬಿಡಿ. ಅಡುಗೆ ಸೋಡಾ ನೀರಿನಲ್ಲಿ ಜಾಲಾಡಿಸಿ, ಒಣಗಿದ ಕೂಡಲೇ ಡೀಸೆಲ್ ಆಡಿಸಿ.

ಪ್ರಶ್ನೆ: ಸ್ಟಾರ್ಟ್ ಆಗಿ ಹತ್ತು ನಿಮಿಷಕ್ಕೆ ಬಂದ್ ಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುತ್ತದೆ.
— ಓದುಗರು, ಅಂಕೋಲಾ

ಉತ್ತರ: ನಿಂತ ಕ್ಷಣವೇ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ಎಳೆದರೆ ಮುಚ್ಚಳದ ಸಣ್ಣ ರಂಧ್ರ ಮುಚ್ಚಿದೆ. ಹೆಚ್ಚಾಗಿ ಕುಂಬಾರ ಹುಳದ ಮಣ್ಣು. ಸೂಜಿ ಆಡಿಸಿದರೆ ಮುಗಿಯಿತು. ಇಲ್ಲದಿದ್ದರೆ ಫಿಲ್ಟರ್ ಬದಲಿಸಿ, ಪಂಪಿನ ಮೇಲಿನ ಗಾಳಿ ತಿರುಪು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಯಲು ಬಿಡಿ. ನಂತರ ನೋಝಲ್ ಕಡೆಯ ಪೈಪಿನ ನಟ್ಟು ಸಡಿಲಿಸಿ, ಡೀಸೆಲ್ ಚಿಮ್ಮುವವರೆಗೆ ಹ್ಯಾಂಡಲ್ ತಿರುಗಿಸಿ ಬಿಗಿಯಿರಿ.

ಪ್ರಶ್ನೆ: ತೋಟಕ್ಕೆ ಇಳಿಯುವ ದಾರಿಯಲ್ಲಿ ಎಡದ ಕ್ಲಚ್ ಒತ್ತಿದರೆ ಬಲಕ್ಕೆ ತಿರುಗುತ್ತದೆ. ವೈರ್ ಅದಲುಬದಲಾಗಿದೆಯೇ?
— ಓದುಗರು, ಸಿದ್ದಾಪುರ

ಉತ್ತರ: ಅಲ್ಲ, ಟಿಲ್ಲರಿನ ಗುಣವೇ ಅದು. ಸಪಾಟಿನಲ್ಲಿ ಎಡ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಶಕ್ತಿ ತಪ್ಪಿ ಅದು ಹಿಂದೆ ಬೀಳುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಇಳಿಜಾರಿನಲ್ಲಿ ಎಂಜಿನ್ನೇ ಬ್ರೇಕಿನಂತೆ ಚಕ್ರಗಳನ್ನು ತಡೆದಿರುತ್ತದೆ. ಬಿಡಿಸಿದ ಎಡ ಚಕ್ರ ಸಲೀಸಾಗಿ ಮುಂದೋಡಿ ಗಾಡಿಯನ್ನು ಬಲಕ್ಕೆ ತಳ್ಳುತ್ತದೆ. ಇಳುಕಲಿನಲ್ಲಿ ಮೊದಲ ಗೇರ್ ಇರಲಿ, ಸೈಡ್ ಕ್ಲಚ್ ಮುಟ್ಟದೆ ಹ್ಯಾಂಡಲ್ ದೂಡಿಯೇ ತಿರುಗಿಸಿ. ನಡುದಾರಿಯಲ್ಲಿ ನ್ಯೂಟ್ರಲ್ ಮಾಡಲೇಬೇಡಿ.

ಪ್ರಶ್ನೆ: ಹಳೆಯ ಮಾದರಿಗೆ ಬಿಡಿಭಾಗ ಸಿಗುತ್ತದೆಯೇ?
— ಓದುಗರು, ಕಾರವಾರ

ಉತ್ತರ: ಬೆಂಗಳೂರಿನ ವಿಎಸ್‌ಟಿಯ ಮಿತ್ಸುಬಿಷಿ ಮಾದರಿಯೋ, ಕೇರಳದ ಕ್ಯಾಮ್ಕೋದ ಕುಬೋಟಾ ಮಾದರಿಯೋ ಎಂದು ಮೊದಲು ನೋಡಿ. ಎರಡೂ ಕಂಪನಿಗಳು ಈಗಲೂ ಟಿಲ್ಲರ್ ಮಾಡುತ್ತವೆ. ಡೀಲರ್ ಬಳಿ ಹೋಗುವಾಗ ತಗಡಿನ ಮೇಲಿನ ಮಾದರಿ, ಎಂಜಿನ್ ನಂಬರಿನ ಫೋಟೋ, ಜತೆಗೆ ಹಳೆಯ ಭಾಗವನ್ನೇ ಒಯ್ಯಿರಿ. ಬೇರಿಂಗ್, ಆಯಿಲ್ ಸೀಲ್, ಬೆಲ್ಟ್‌ಗಳಿಗೆ ಕಂಪನಿಯೇ ಬೇಕೆಂದಿಲ್ಲ, ಅವುಗಳ ಮೇಲಿನ ಸಂಖ್ಯೆ ತೋರಿಸಿದರೆ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ಬೆಲ್ಟ್‌ಗಳನ್ನು ಮಾತ್ರ ಇಡೀ ಜೋಡಿಯಾಗಿ ಬದಲಿಸಿ. ಹೊಸದೊಂದನ್ನು ಹಳತರ ಜತೆ ಹಾಕಿದರೆ ಜಗ್ಗಿದ ಹಳತು ಜಾರುತ್ತ, ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.