ಸೆಲ್ಫ್ ಒತ್ತಿದರೆ ಬರೀ ‘ಟಕ್’: ಹೊಸ ಮೋಟಾರ್ ತರಿಸುವ ಮೊದಲು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕಿಕ್ಕರ್ ಇಲ್ಲದ 200 ಸಿಸಿಯ ಆಫ್‌ರೋಡ್ ಬೈಕ್. ಎರಡು ವಾರದ ಹಿಂದೆ ಹೆಬ್ರಿ ಕಡೆ ತೋಡು (ಸಣ್ಣ ಹಳ್ಳ) ದಾಟಿ, ಕೆಸರಿನಲ್ಲಿ ಹೊರಳಿಸಿ ತಂದಿದ್ದೀರಿ. ಅಂದಿನಿಂದ ಸೆಲ್ಫ್ ಒತ್ತಿದರೆ ಒಂದೇ ಒಂದು ‘ಟಕ್’, ಮುಂದೆ ಸದ್ದಿಲ್ಲ. ಬ್ಯಾಟರಿ ಹಾಕಿಸಿ ಆರು ತಿಂಗಳೂ ಆಗಿಲ್ಲ. ಒಮ್ಮೊಮ್ಮೆ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿನ ಮೈಗೆ ಸ್ಪ್ಯಾನರಿನಿಂದ ಎರಡು ಕುಟ್ಟಿದರೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನವರು ‘ಮೋಟಾರ್ ಹೋಗಿದೆ, ಹೊಸತು ತರಿಸಬೇಕು’ ಎಂದಿದ್ದಾರೆ. ತರಿಸಬೇಕೇ, ಬೇಡವೇ?

ತರಿಸಬೇಡಿ. ಕನಿಷ್ಠ ಬರುವ ಭಾನುವಾರ ಕಳೆಯುವವರೆಗೆ ತಡೆಯಿರಿ.

ನಾನು ಮೆಕ್ಯಾನಿಕ್ ಅಲ್ಲ. ಪರ್ಕಳದಲ್ಲಿ ಮನೆ, ವಾರವಿಡೀ ಲೆಕ್ಕಪತ್ರದ ಕೆಲಸ, ಭಾನುವಾರ ಗೆಳೆಯರ ರಬ್ಬರ್ ತೋಟಗಳ ಮಣ್ಣುದಾರಿಯಲ್ಲಿ ಬೈಕ್. ಮೂರು ಮಳೆಗಾಲದ ಹಿಂದೆ ಇದೇ ‘ಟಕ್’ ನನಗೂ ಗಂಟುಬಿದ್ದಿತ್ತು. ಒಬ್ಬರ ಮಾತು ಕೇಳಿ ಬ್ಯಾಟರಿ ಬದಲಿಸಿದೆ. ಹೋಗಲಿಲ್ಲ. ಇನ್ನೊಂದು ಗ್ಯಾರೇಜಿನಲ್ಲಿ ಮೋಟಾರನ್ನೇ ಬದಲಿಸಿದರು. ನಾಲ್ಕು ದಿನ ಸೊಗಸಾಗಿ ತಿರುಗಿತು, ಐದನೆಯ ಬೆಳಿಗ್ಗೆ ಮತ್ತೆ ‘ಟಕ್’. ರೇಗಿ ನಾನೇ ಮೀಟರ್ ಹಿಡಿದು ಕುಳಿತೆ. ಕೊನೆಗೆ ಸಿಕ್ಕಿದ್ದು ಬ್ಯಾಟರಿಯ ನೆಗೆಟಿವ್ ವೈರನ್ನು ಇಂಜಿನ್ನಿಗೆ ಕಟ್ಟುವ ಬೋಲ್ಟು. ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಇತ್ತು. ಬಿಚ್ಚಿದರೆ ವಾಷರಿನ ಕೆಳಗೆ ಹಸಿರು ಕಿಲುಬು, ಉಗುರಿನಿಂದ ಕೆರೆದರೆ ಪುಡಿಪುಡಿ ಉದುರಿತು. ಮೋಟಾರ್ ಬದಲಿಸುವಾಗ ಆ ಬೋಲ್ಟನ್ನು ಒಮ್ಮೆ ಅಲುಗಾಡಿಸಿದ್ದರಿಂದ ನಾಲ್ಕು ದಿನ ನಡೆದಿತ್ತು, ಅಷ್ಟೆ. ಹಳೆಯ ಮೋಟಾರ್ ಈಗಲೂ ನನ್ನ ಕಪಾಟಿನಲ್ಲಿದೆ, ಅದಕ್ಕೆ ಏನೂ ಆಗಿಲ್ಲ.

ಹಾಗಾಗಿ ‘ಮೋಟಾರ್ ಹೋಗಿದೆ’ ಎನ್ನುವವರನ್ನು ನಾನು ಈಗ ಕೇಳುವುದು ಒಂದೇ: ಅಳೆದು ಹೇಳಿದಿರಾ, ಕೇಳಿ ಹೇಳಿದಿರಾ?

ಆದರೂ ಸದ್ದು ಕೇಳುವುದರಲ್ಲಿ ತಪ್ಪಿಲ್ಲ, ಅಲ್ಲಿಂದಲೇ ಶುರು ಮಾಡಿ. ಬಟನ್ ಒತ್ತಿದಾಗ ‘ಟಕಟಕಟಕ’ ಎಂದು ಹಲ್ಲಿ ಲೊಚಗುಟ್ಟಿದಂತೆ ಕೇಳಿದರೆ ಅದು ಶಕ್ತಿ ಸಾಲದ ಸದ್ದು. ರಿಲೇ (ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಹಿಡಿಯುತ್ತದೆ, ಮೋಟಾರ್ ಕರೆಂಟ್ ಎಳೆಯುತ್ತದೆ, ಬ್ಯಾಟರಿ ಕುಸಿಯುತ್ತದೆ, ರಿಲೇ ಬಿಡುತ್ತದೆ. ಬಿಟ್ಟೊಡನೆ ಬ್ಯಾಟರಿ ಚೇತರಿಸಿಕೊಂಡು ಮತ್ತೆ ಹಿಡಿಯುತ್ತದೆ. ನಿಮ್ಮದು ಅದಲ್ಲ. ಒಂದೇ ‘ಟಕ್’ ಎಂದರೆ ಬಟನ್, ಕ್ಲಚ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ಎಲ್ಲವೂ ತಮ್ಮ ಕೆಲಸ ಮಾಡಿ ರಿಲೇಯನ್ನು ಎಬ್ಬಿಸಿವೆ. ತೊಂದರೆ ಅದರಾಚೆ, ದಪ್ಪ ವೈರಿನ ಹಾದಿಯಲ್ಲೋ ಮೋಟಾರಿನಲ್ಲೋ ಇದೆ. ‘ಟಕ್’ ಕೂಡ ಇಲ್ಲದಿದ್ದರೆ ಮಾತ್ರ ಫ್ಯೂಸ್ ಮತ್ತು ಸ್ವಿಚ್‌ಗಳ ಕಡೆ ಹೋಗಬೇಕು. ಕೆಸರು ಮೆತ್ತಿದ ಸೈಡ್ ಸ್ಟ್ಯಾಂಡ್ ಸ್ವಿಚ್ ಅಲ್ಲಿ ಮೊದಲ ಆರೋಪಿ. ಅದಕ್ಕೂ ಮೊದಲು ಕಿಲ್ ಸ್ವಿಚ್ ನೋಡಿ. ಕೊಂಬೆ ತಾಗಿ ಅದು ಆಫ್ ಆಗಿದ್ದು ತಿಳಿಯದೆ ನಾನು ಅರ್ಧ ಕಿಲೋಮೀಟರ್ ಬೈಕ್ ದೂಡಿದ ಕಥೆಯನ್ನು ಗೆಳೆಯರು ಇವತ್ತಿಗೂ ಮದುವೆ ಮನೆಗಳಲ್ಲಿ ಹೇಳುತ್ತಾರೆ.

ಇನ್ನು ಬೆಳಕು. ಕೀಲಿ ತಿರುಗಿಸಿ, ಬಟನ್ ಒತ್ತುತ್ತಾ ನ್ಯೂಟ್ರಲ್ ದೀಪವನ್ನು ನೋಡಿ. (ಕೆಲವು ಬೈಕ್‌ಗಳಲ್ಲಿ ಸೆಲ್ಫ್ ಒತ್ತಿದಾಗ ಹೆಡ್‌ಲೈಟ್ ತಾನಾಗಿ ಆರುತ್ತದೆ, ಅದನ್ನು ನಂಬಬೇಡಿ.) ದೀಪ ನಂದಿಹೋಗುವಷ್ಟು ಮಂಕಾದರೆ ಬ್ಯಾಟರಿ ದುರ್ಬಲ, ಇಲ್ಲವೇ ಅದರ ಟರ್ಮಿನಲ್ ಸಡಿಲ, ಇಲ್ಲವೇ ಮೋಟಾರ್ ಬಿಗಿದುಕೊಂಡು ಕಂಡಾಪಟ್ಟೆ ಕರೆಂಟ್ ಎಳೆಯುತ್ತಿದೆ. ದೀಪ ಕದಲದೆ ಉರಿದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ. ನಿಮ್ಮ ಬೈಕಿನಲ್ಲಿ ಎರಡನೆಯದು ಆಗುತ್ತದೆ ಎಂದು ನನ್ನ ಊಹೆ. ಏಕೆಂದರೆ ಕುಟ್ಟಿದರೆ ತಿರುಗುತ್ತದೆ ಎಂದಿರಲ್ಲ, ನಿಮ್ಮ ಪ್ರಶ್ನೆಯಲ್ಲಿ ಚಿನ್ನದಂಥ ಮಾತು ಅದೇ. ಮೋಟಾರಿನೊಳಗೆ ಕಾರ್ಬನ್ ಬ್ರಶ್‌ಗಳಿರುತ್ತವೆ, ಸ್ಪ್ರಿಂಗ್ ಅವನ್ನು ಹಿಂದಿನಿಂದ ಒತ್ತಿ ಶಾಫ್ಟಿನೊಂದಿಗೆ ತಿರುಗುವ ತಾಮ್ರದ ಪಟ್ಟಿಗಳ ಉರುಳೆಗೆ, ಅಂದರೆ ಕಮ್ಯುಟೇಟರಿಗೆ ತಾಗಿಸಿರುತ್ತದೆ. ಬ್ರಶ್ ತನ್ನ ಗೂಡಿನಲ್ಲಿ ಸಿಕ್ಕಿಕೊಂಡರೆ ತಾಮ್ರಕ್ಕೆ ತಾಗುವುದಿಲ್ಲ. ಕುಟ್ಟಿದಾಗ ಅದು ಜಾರಿ ತಾಗುತ್ತದೆ. ಸುಟ್ಟುಹೋದ ಮೋಟಾರ್ ಕುಟ್ಟಿದರೆ ಏಳುವುದಿಲ್ಲ.

ಊಹೆ ಇರಲಿ, ಅಳತೆಯನ್ನು ಬಿಡಬೇಡಿ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಒಂದು ರಾತ್ರಿ ಸುಮ್ಮನಿದ್ದ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ಅಥವಾ ಮೇಲೆ ತೋರಿಸಿದರೆ ತುಂಬಿದೆ ಎಂದರ್ಥ. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಯೇ ಮುಂದುವರಿಯಿರಿ, ಇಲ್ಲದಿದ್ದರೆ ಮುಂದಿನ ಅಂಕಿಗಳೆಲ್ಲ ಸುಳ್ಳು ಹೇಳುತ್ತವೆ. ಬಟನ್ ಒತ್ತಿ ಇಂಜಿನ್ ತಿರುಗುತ್ತಿರುವಾಗ ಅದೇ ಬ್ಯಾಟರಿ 10ರ ಆಸುಪಾಸಿನಿಂದ ಕೆಳಗೆ ಜಾರಬಾರದು. ಸುಮ್ಮನಿರುವಾಗ 12.7 ತೋರಿಸಿ, ಒತ್ತಿದಾಗ 7ಕ್ಕೆ ಬೀಳುವ ಬ್ಯಾಟರಿಗಳು ಬಹಳ ಇವೆ. ಆರು ತಿಂಗಳ ಹಿಂದಿನದು ಎಂಬ ಒಂದೇ ಕಾರಣಕ್ಕೆ ಅದನ್ನು ಬಿಟ್ಟುಬಿಡಬೇಡಿ. ಮಳೆಗಾಲದಲ್ಲಿ ಹದಿನೈದು ದಿನ ಶೆಡ್ಡಿನಲ್ಲಿ ನಿಂತ ಬೈಕಿನ ಬ್ಯಾಟರಿ ಹೊಸದಾದರೂ ಸೊರಗುತ್ತದೆ.

ಈಗ ನನ್ನ ದುಡ್ಡು ಉಳಿಸಬಹುದಾಗಿದ್ದ ಅಳತೆ. ಮೀಟರನ್ನು ಡಿಸಿ ವೋಲ್ಟಿನಲ್ಲಿಡಿ. ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ತಾಗಿಸಿ. ಕ್ಲಾಂಪಿಗಲ್ಲ, ಬೋಲ್ಟಿಗಲ್ಲ, ಸೀಸದ ಕಂಬಕ್ಕೆ. ಇನ್ನೊಂದನ್ನು ಮೋಟಾರಿನ ಮೈಯಲ್ಲಿ ಬಣ್ಣ ಹೋಗಿ ಲೋಹ ಕಾಣುವ ಜಾಗಕ್ಕೆ ಒತ್ತಿ ಹಿಡಿಯಿರಿ. ಗೆಳೆಯರಿಂದ ಬಟನ್ ಒತ್ತಿಸಿ. ಮೋಟಾರ್ ತಿರುಗಲು ಹೆಣಗುತ್ತಿರುವಾಗ 0.3 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ (ನೆಗೆಟಿವ್) ಹಾದಿಯಲ್ಲಿ ಎಲ್ಲೋ ಕಿಲುಬು ಕೂತಿದೆ. ಹೀಗೇ ಪಾಸಿಟಿವ್ ಕಂಬದಿಂದ ಮೋಟಾರಿನ ಟರ್ಮಿನಲ್ಲಿಗೆ ಹಿಡಿದರೆ ಅರ್ಧ ವೋಲ್ಟಿನೊಳಗೆ ಇರಬೇಕು. ಒಂದು ಎಚ್ಚರ: ಪಾಸಿಟಿವ್ ಕಡೆ ಬಟನ್ ಒತ್ತುವ ಮೊದಲು ಮೀಟರ್ 12 ತೋರಿಸುತ್ತದೆ, ಗಾಬರಿಯಾಗಬೇಡಿ. ಒತ್ತಿದ ಮೇಲೂ 12 ಎಂದೇ ತೋರಿಸಿದರೆ ರಿಲೇಯ ಒಳಗಿನ ತಾಮ್ರದ ಮುಖಗಳು ತಾಗುತ್ತಿಲ್ಲ, ಅಥವಾ ಆ ಹಾದಿಯ ಒಂದು ಕೊಂಡಿ ಬಿಟ್ಟಿದೆ. ಎರಡೂ ಕಡೆ ಸೊನ್ನೆಯ ಹತ್ತಿರ ಬಂದು ಮೋಟಾರ್ ಮಾತ್ರ ಅಲುಗದಿದ್ದರೆ ಸಂಶಯ ಮೋಟಾರಿನ ಒಳಗೆ ಹೋಗುತ್ತದೆ.

ಓಮ್‌ನಲ್ಲಿ ಅಳೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಒಂದು ಕೆಟ್ಟ ಜೋಡಣೆಯ ತಡೆ 0.05 ಓಮ್ ಎಂದಿಟ್ಟುಕೊಳ್ಳಿ. ಸಾಮಾನ್ಯ ಮೀಟರಿಗೆ ಅದು ಕಾಣುವುದೇ ಇಲ್ಲ, ಕಡ್ಡಿಗಳ ತಡೆಯೇ ಅದಕ್ಕಿಂತ ಹೆಚ್ಚಿರುತ್ತದೆ. ಆದರೆ ಅದರ ಮೂಲಕ 60 ಆಂಪಿಯರ್ ಹರಿದರೆ 3 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಹಾರ್ನ್, ಇಂಡಿಕೇಟರ್ ಎಲ್ಲ ಚೆನ್ನಾಗಿ ನಡೆದು ಸೆಲ್ಫ್ ಮಾತ್ರ ಕೈಕೊಡುವುದು ಇದರಿಂದ.

ರಿಲೇಯನ್ನು ಪರೀಕ್ಷಿಸಲು ಎರಡು ದಪ್ಪ ಟರ್ಮಿನಲ್‌ಗಳಿಗೆ ಅಡ್ಡಲಾಗಿ ಸ್ಕ್ರೂಡ್ರೈವರ್ ಇಡುವ ಹಳೆಯ ಪದ್ಧತಿ ನಿಮಗೂ ಗೊತ್ತಿರಬಹುದು. ಮಾಡಬಹುದು, ಆದರೆ ಬೈಕ್ ನ್ಯೂಟ್ರಲ್‌ನಲ್ಲಿದೆ ಎಂದು ಕೈಯಿಂದ ದೂಡಿ ನೋಡಿ. ಈ ಹಾದಿಯಲ್ಲಿ ಕೀಲಿ, ಕ್ಲಚ್ ಯಾವುದರ ಅಪ್ಪಣೆಯೂ ಬೇಡ, ಗೇರಿನಲ್ಲಿದ್ದರೆ ಬೈಕ್ ನೆಗೆಯುತ್ತದೆ. ಉಂಗುರ ತೆಗೆದಿಡಿ, ಹತ್ತಿರ ಪೆಟ್ರೋಲ್ ವಾಸನೆ ಇರಬಾರದು, ಬೆರಳು ಲೋಹಕ್ಕೆ ತಾಗಬಾರದು. ಮೋಟಾರ್ ತಿರುಗಿದರೆ ರಿಲೇ ಕೆಟ್ಟಿದೆ. ದೊಡ್ಡ ಕಿಡಿ ಹಾರಿ ಮೋಟಾರ್ ತಿರುಗದಿದ್ದರೆ ಅದು ಬಿಗಿದಿದೆ ಅಥವಾ ಶಾರ್ಟ್ ಆಗಿದೆ. ಕಿಡಿಯೇ ಇಲ್ಲದಿದ್ದರೆ ಹೆಚ್ಚಾಗಿ ಬ್ರಶ್ ತಾಗುತ್ತಿಲ್ಲ. ನಿಮ್ಮಲ್ಲಿ ಕಿಡಿ ಬರುವುದಿಲ್ಲ ಎಂದು ಒಂದು ಚಹಾಕ್ಕೆ ಪಂಥ ಕಟ್ಟುತ್ತೇನೆ.

ಮೋಟಾರ್ ಬಿಚ್ಚುವುದು ಜಗಲಿಯಲ್ಲಿ ಕುಳಿತು ಮಾಡುವ ಕೆಲಸ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಮೋಟಾರನ್ನು ಇಂಜಿನ್ನಿಗೆ ಹಿಡಿದಿರುವುದು ಸಾಮಾನ್ಯವಾಗಿ ಎರಡೇ ಬೋಲ್ಟು. ಮೂತಿಯ ಓ-ರಿಂಗ್ (ರಬ್ಬರ್ ಬಳೆ) ಅಂಟಿಕೊಂಡಿದ್ದರೆ ತಿರುಚುತ್ತಾ ಎಳೆಯಿರಿ, ಸ್ಕ್ರೂಡ್ರೈವರ್ ತುರುಕಬೇಡಿ. ಮುಚ್ಚಳ ತೆಗೆಯುವ ಮೊದಲು ಮುಚ್ಚಳಕ್ಕೂ ಮೈಗೂ ಸೇರಿಸಿ ಮೊಳೆಯಿಂದ ಒಂದು ಗೀರು ಎಳೆದುಕೊಳ್ಳಿ. ಶಾಫ್ಟಿನ ಎರಡೂ ತುದಿಗಳಲ್ಲಿ ತೆಳು ವಾಷರ್‌ಗಳಿರುತ್ತವೆ, ಯಾವ ತುದಿಯಲ್ಲಿ ಎಷ್ಟು ಎಂದು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬಿಡಿಭಾಗಗಳಿಗೆ ಎರಡು ತೆಂಗಿನ ಗೆರಟೆ ಇಟ್ಟುಕೊಂಡರೆ ಸಾಕು. ಒಮ್ಮೆ ನನ್ನ ಒಂದು ವಾಷರನ್ನು ಅಂಗಳದ ಕೋಳಿ ಕುಕ್ಕಿಕೊಂಡು ಹೋದ ಮೇಲೆ ಕಲಿತ ಬುದ್ಧಿ.

ಕಳೆದ ಆಟಿ (ಆಷಾಢ) ತಿಂಗಳಲ್ಲಿ ಗೆಳೆಯನೊಬ್ಬನ ಮೋಟಾರ್ ಬಿಚ್ಚಿದೆ. ಮುಚ್ಚಳ ಸರಿಸಿದ್ದೇ ತಡ, ಎರಡು ಚಮಚದಷ್ಟು ಕೆಂಪು ನೀರು ಪೇಪರಿನ ಮೇಲೆ ಸುರಿಯಿತು. ಮುರಕಲ್ಲಿನ (ಕೆಂಪು ಕಲ್ಲಿನ) ನುಣ್ಣನೆ ಮಣ್ಣು, ಬ್ರಶ್ ಸವೆದ ಕಪ್ಪು ಪುಡಿ, ತುಕ್ಕು, ಮೂರೂ ಕಲಸಿ ಲೇಹವಾಗಿ ಬ್ರಶ್ಶಿನ ಗೂಡಿನೊಳಗೆ ಗಟ್ಟಿಯಾಗಿತ್ತು. ನಾಲ್ಕರಲ್ಲಿ ಎರಡು ಬ್ರಶ್ ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಅಲ್ಲೇ ನಿಂತವು, ಮರಳಿ ಬರಲಿಲ್ಲ. ಉದ್ದ ಮಾತ್ರ ಬೇಕಾದಷ್ಟಿತ್ತು. ಗೂಡನ್ನು ಹಳೆಯ ಹಲ್ಲುಜ್ಜುವ ಬ್ರಶ್ ಮತ್ತು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದೆವು. ಕಮ್ಯುಟೇಟರನ್ನು 600ರ ಸ್ಯಾಂಡ್ ಪೇಪರಿನಿಂದ ಸುತ್ತ ಹಗುರವಾಗಿ ಉಜ್ಜಿದೆವು. ಎಮರಿ ಬೇಡ, ಅದರ ಕಣ ತಾಮ್ರದಲ್ಲಿ ಉಳಿದರೆ ತೊಂದರೆ. ತಾಮ್ರದ ಪಟ್ಟಿಗಳ ನಡುವಿನ ಸಂದನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆದೆವು. ಆಮೇಲೆ ಮೀಟರ್: ಪಟ್ಟಿಯಿಂದ ಪಟ್ಟಿಗೆ ಬೀಪ್ ಬರಬೇಕು, ಪಟ್ಟಿಯಿಂದ ಶಾಫ್ಟಿಗೆ ಬರಬಾರದು. ಶಾಫ್ಟಿಗೂ ಬಂದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಕೆಟ್ಟಿದೆ; ಆಗ ‘ಮೋಟಾರ್ ಹೋಗಿದೆ’ ಎನ್ನಿ, ನಾನೂ ಒಪ್ಪುತ್ತೇನೆ. ಅವನದು ಸರಿಯಿತ್ತು. ಹೊಸ ಓ-ರಿಂಗ್ ಹಾಕಿ ಮುಚ್ಚಿದೆವು. ಬ್ರಶ್ ಸೆಟ್ ಬದಲಿಸಬೇಕಾದರೂ ಖರ್ಚು ನೂರರ ಲೆಕ್ಕದಲ್ಲಿ, ಹೊಸ ಮೋಟಾರಿನದು ಸಾವಿರದ ಲೆಕ್ಕದಲ್ಲಿ.

ಸೀಲ್ ಇದ್ದೂ ನೀರು ಒಳಗೆ ಹೋದದ್ದು ಹೇಗೆ? ಗುಡ್ಡ ಹತ್ತಿ ಇಳಿದ ಇಂಜಿನ್ ಕೆಂಡದಂತಿರುತ್ತದೆ, ಅದಕ್ಕೆ ಅಂಟಿಕೊಂಡ ಮೋಟಾರೂ ಕಾದಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ತೋಡಿಗೆ ಇಳಿಸಿದರೆ ಗಾಳಿ ತಣ್ಣಗೆ ಕುಗ್ಗಿ, ಮುಪ್ಪಾದ ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ ಇಳಿಸಿದರೆ ಅರ್ಧ ಕಾಟ ತಪ್ಪುತ್ತದೆ. ತೋಡಿಗಿಂತ ದೊಡ್ಡ ಪಾಪ ನಾವು ಮಾಡುವುದು ಅದರ ನಂತರ: ಬಿಸಿ ಇಂಜಿನ್ನಿನ ಬೈಕನ್ನು ನೇರ ವಾಟರ್ ಸರ್ವಿಸ್‌ಗೆ ಒಯ್ದು ಪ್ರೆಷರ್ ಪಂಪಿನ ಮೂತಿಯನ್ನು ಮೋಟಾರಿಗೇ ಹಿಡಿಸುತ್ತೇವೆ. ಮಲ್ಪೆ, ಪಣಂಬೂರಿನ ಮರಳಿನಲ್ಲಿ ಆಡಿಸಿ ತಂದವರ ಬೈಕಿನಲ್ಲಿ ಉಪ್ಪೂ ಸೇರಿರುತ್ತದೆ, ಕಿಲುಬಿಗೆ ಅದು ಹಬ್ಬದೂಟ. ಬಾವಿ ನೀರಿನ ಪೈಪು ಸಾಕು. ಟರ್ಮಿನಲ್‌ಗಳನ್ನು ಕೆರೆದು ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ.

ಮೋಟಾರ್ ‘ಜುಯ್ಯ್’ ಎಂದು ತಿರುಗಿ ಇಂಜಿನ್ ಅಲುಗದಿದ್ದರೆ ಅದು ಬೇರೆ ಕಾಯಿಲೆ, ಮೋಟಾರಿನ ತಿರುಗುವಿಕೆಯನ್ನು ಇಂಜಿನ್ನಿಗೆ ದಾಟಿಸುವ ಒನ್ ವೇ ಕ್ಲಚ್ಚಿನದು. ಹೆಚ್ಚಿನ ಬೈಕ್‌ಗಳಲ್ಲಿ ಅದು ಮ್ಯಾಗ್ನೆಟ್ಟಿನ ಹಿಂದೆ ಇರುತ್ತದೆ, ಮ್ಯಾಗ್ನೆಟ್ಟನ್ನು ಎಳೆದು ತೆಗೆಯಲು ಪುಲ್ಲರ್ ಬೇಕು. ಅದನ್ನು ಗ್ಯಾರೇಜಿಗೇ ಬಿಡಿ.

ಇನ್ನೊಂದು ಮಾತು, ನಿಮ್ಮ ಹೆಬ್ಬೆರಳಿನ ಬಗ್ಗೆ. ಅಮೆರಿಕದ ಸಂಶೋಧಕ ಚಾರ್ಲ್ಸ್ ಕೆಟರಿಂಗ್ 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಮಾಡಿಕೊಡುವ ಮೊದಲು ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟಾರ್ ಜೋಡಿಸಿದ್ದವರು. ಚಿಕ್ಕ ಮೋಟಾರಿನಿಂದ ಕ್ಷಣಕಾಲ ಅದರ ಯೋಗ್ಯತೆಗೆ ಮೀರಿದ ಕೆಲಸ ತೆಗೆಯಬಹುದು ಎಂಬುದನ್ನೇ ಅವರು ಕಾರಿಗೂ ತಂದರು. ನಿಮ್ಮ ಬೈಕಿನದೂ ಅದೇ ಜಾತಿ. ಐದು ಸೆಕೆಂಡ್ ಒತ್ತಿ, ಅರ್ಧ ನಿಮಿಷ ಬಿಡಿ. ಹಟ ಹಿಡಿದು ಒತ್ತಿಯೇ ಇದ್ದರೆ ಸರಿಯಿದ್ದ ಮೋಟಾರನ್ನು ನೀವೇ ಸುಡುತ್ತೀರಿ. ಫ್ಯೂಯಲ್ ಇಂಜೆಕ್ಷನ್ ಬೈಕ್ ಆದರೆ ಬ್ಯಾಟರಿ ಪೂರ್ತಿ ಸತ್ತ ಮೇಲೆ ದೂಡಿದರೂ ಪ್ರಯೋಜನವಿಲ್ಲ. ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಓಡಲೂ ಕರೆಂಟ್ ಬೇಕು.

ಭಾನುವಾರ ಅಳೆದು ನಾಲ್ಕು ಅಂಕಿಗಳನ್ನು ಇಲ್ಲಿ ಬರೆಯಿರಿ: ಸುಮ್ಮನಿರುವಾಗ ಬ್ಯಾಟರಿ, ಒತ್ತಿದಾಗ ಬ್ಯಾಟರಿ, ನೆಗೆಟಿವ್ ಕಂಬದಿಂದ ಮೋಟಾರಿನ ಮೈಗೆ, ಪಾಸಿಟಿವ್ ಕಂಬದಿಂದ ಮೋಟಾರಿನ ಟರ್ಮಿನಲ್ಲಿಗೆ. ಕಿಡಿ ಬಂತೋ ಇಲ್ಲವೋ ಅದನ್ನೂ ತಿಳಿಸಿ, ಚಹಾದ ಲೆಕ್ಕ ಬಾಕಿ ಇದೆ.