ನಮ್ಮ ಕೀಪರ್‌ಗೆ ನಾವೇ ಬೈಯಬೇಕು

ಬೆಂಗಳೂರು ಆಸ್ಟಿನ್ ಟೌನ್‌ನ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಿಷಯ ಇಷ್ಟು. ನಾಲ್ವರು ಹಳೇ ಗೆಳೆಯರು, ಪ್ರತಿ ಭಾನುವಾರ ಬೆಳಿಗ್ಗೆ ಒಂದು ದರ್ಶಿನಿಯ ಮುಂದೆ ನಿಂತು ಕಾಫಿ ಕುಡಿಯುತ್ತಾರೆ. ಮೂವರು ಬೆಂಗಳೂರಿನವರು, ಬಿಎಫ್‌ಸಿ ಅಂದರೆ ಬೆಂಗಳೂರು ಫುಟ್ಬಾಲ್ ಕ್ಲಬ್ ಕಡೆ. ಒಬ್ಬರು ಕಣ್ಣೂರಿನವರು. ಇಲ್ಲೇ ಮನೆ ಕಟ್ಟಿದ್ದಾರೆ, ಕನ್ನಡ ನಮಗಿಂತ ಚೆನ್ನಾಗಿ ಮಾತಾಡುತ್ತಾರಂತೆ, ಆದರೆ ಫುಟ್ಬಾಲ್ ಬಂತೆಂದರೆ ಕೇರಳ ಬ್ಲಾಸ್ಟರ್ಸ್‌ನ ಹಳದಿ ಅಂಗಿ. ಅದರಿಂದ ಸ್ನೇಹ ಯಾವತ್ತೂ ಕೆಟ್ಟಿಲ್ಲ. ಕೆಟ್ಟಿದ್ದು 2024ರ ಲೋಕಸಭೆ ಚುನಾವಣೆಯಲ್ಲಿ. ಮೋದಿ, ರಾಹುಲ್ ಅಂತ ಶುರುವಾದ ಮಾತು ಎಲ್ಲಿಗೋ ಹೋಗಿ, ಬೆಂಗಳೂರಿನವರೇ ಆದ ಒಬ್ಬ ಗೆಳೆಯರು ಭಾನುವಾರ ಬರುವುದನ್ನೇ ಬಿಟ್ಟರು. ಪತ್ರದ ಕೊನೆಯ ಪ್ರಶ್ನೆ: "ಫುಟ್ಬಾಲ್ ಶುದ್ಧ, ರಾಜಕೀಯ ಕೊಳಕು. ಇನ್ನು ಮೇಲೆ ರಾಜಕೀಯ ಬೇಡ, ಬರೀ ಫುಟ್ಬಾಲ್ ಮಾತಾಡೋಣ ಅಂತ ನಿಯಮ ಮಾಡಿದ್ದೇವೆ. ಸರಿ ತಾನೇ?"

ಸರಿ ಇಲ್ಲ ಸಾರ್.

ಮನೆಯಲ್ಲಿ ಮದುವೆ ಇದೆ, ಬೀಗರು ಕೂತಿದ್ದಾರೆ, ಅಲ್ಲಿ ಚುನಾವಣೆ ಮಾತು ಬೇಡ ಅಂದರೆ ಒಪ್ಪುತ್ತೇನೆ. ನೆಮ್ಮದಿಗೂ ಒಂದು ಬೆಲೆ ಇದೆ. ಅಷ್ಟು ಮಾತ್ರ ನಿಮ್ಮ ನಿಯಮಕ್ಕೆ ನನ್ನ ಬೆಂಬಲ. ಆದರೆ ವರ್ಷಗಟ್ಟಲೆ ಒಂದೇ ಲೋಟದಲ್ಲಿ ಬೈಟು ಕುಡಿದ ಗೆಳೆಯರ ನಡುವೆ ಈ ನಿಯಮ ಯಾಕೆ? ಅಲ್ಲಿ ಮಾತಾಡದೆ ಇನ್ನೆಲ್ಲಿ ಮಾತಾಡುತ್ತೀರಿ, ಟಿವಿ ಮುಂದೆ ಕೂತು ಟಿವಿಗೇನಾ?

ನಿಮ್ಮ ಪತ್ರದಲ್ಲಿ ನೀವೇ ಒಂದು ಘಟನೆ ಬರೆದಿದ್ದೀರಿ. ಉತ್ತರ ಅದರಲ್ಲೇ ಇದೆ, ನೀವು ಗಮನಿಸಿಲ್ಲ. 2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್, ಬಿಎಫ್‌ಸಿ ಮತ್ತು ಬ್ಲಾಸ್ಟರ್ಸ್ ನಡುವೆ. ತೊಂಬತ್ತು ನಿಮಿಷ ಆದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬಿಎಫ್‌ಸಿಗೆ ಫ್ರೀ ಕಿಕ್ ಸಿಗುತ್ತದೆ. ಬ್ಲಾಸ್ಟರ್ಸ್ ಕೀಪರ್ ಚೆಂಡಿಗೆ ಅಡ್ಡವಾಗಿ ಆಟಗಾರರ ಗೋಡೆ ಇನ್ನೂ ನಿಲ್ಲಿಸುತ್ತಿದ್ದಾರೆ, ಸುನಿಲ್ ಛೆಟ್ರಿ ಸುಮ್ನೆ ಚೆಂಡನ್ನು ಬಲೆಯೊಳಕ್ಕೆ ಕಳಿಸಿಬಿಡುತ್ತಾರೆ. ರೆಫರಿ ಗೋಲು ಅಂದರು. ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು, ತಂಡ ವಾಪಸ್ ಬರಲೇ ಇಲ್ಲ. ಆಮೇಲೆ ಕ್ಲಬ್‌ಗೆ ನಾಲ್ಕು ಕೋಟಿ ದಂಡ, ಕೋಚ್‌ಗೆ ಹತ್ತು ಪಂದ್ಯ ನಿಷೇಧ.

ಆ ರಾತ್ರಿ ನಿಮ್ಮ ಕಣ್ಣೂರಿನ ಗೆಳೆಯರು ಹಳದಿ ಅಂಗಿಯಲ್ಲೇ ನಿಮ್ಮ ಬೈಕ್ ಹಿಂದೆ ಕೂತು ಮನೆಗೆ ಬಂದರಂತೆ. ರಿಚ್ಮಂಡ್ ಸರ್ಕಲ್‌ವರೆಗೆ ಮಾತಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಹೇಳಿದರಂತೆ, "ಆ ರೆಫರಿ ಕಳ್ಳ. ಆದರೆ ನಮ್ಮ ಕೀಪರ್ ಕತ್ತೆ. ಕಂಬದ ಹತ್ತಿರ ನಿಂತು ಏನು ಮಾಡ್ತಿದ್ದ?" ಅದಕ್ಕೆ ನೀವು, "ನಮಗೆ ಯಾರಾದರೂ ಹೀಗೆ ಗೋಲು ಹೊಡೆದಿದ್ದರೆ ನಾವು ಕುರ್ಚಿ ಮುರೀತಿದ್ವಿ" ಅಂದಿರಂತೆ.

ಇದನ್ನು ಓದಿ ನಾನು ಪತ್ರ ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ. ಇಬ್ಬರೂ ಅವರವರ ತಂಡ ಬಿಟ್ಟುಕೊಡಲಿಲ್ಲ. ಇಬ್ಬರೂ ಅವರವರ ತಂಡದ ಹುಳುಕನ್ನು ಬಾಯಿಬಿಟ್ಟು ಹೇಳಿದರು. ಇದೇ ನಾಲಿಗೆ ಚುನಾವಣೆ ಮಾತಿಗೆ ಬಂದಾಗ ಎಲ್ಲಿ ಹೋಯಿತು? ನಿಮ್ಮ ಪಕ್ಷದ ಬಗ್ಗೆ ಆರು ಪುಟದಲ್ಲಿ ಒಂದೇ ಒಂದು ಬೈಗುಳ ಹುಡುಕಿದೆ, ಸಿಗಲಿಲ್ಲ. ಎದುರು ಪಕ್ಷಕ್ಕೆ ಎರಡು ಪುಟ ಇದೆ.

ನಮ್ಮ ಸೋದರಮಾವ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿದ್ದರು. ಕಾಂಗ್ರೆಸ್ ಮತ. ಬೆಳಿಗ್ಗೆ ಎದ್ದು ಪೇಪರ್ ಬಿಡಿಸಿ ಮೊದಲು ಬೈಯುತ್ತಿದ್ದುದು ಕಾಂಗ್ರೆಸ್ಸನ್ನೇ. ತುರ್ತು ಪರಿಸ್ಥಿತಿಗೆ ಬೈದರು, ಸಂಜಯ್ ಗಾಂಧಿಗೆ ಬೈದರು, ಆಮೇಲೆ ಹೋಗಿ ಕಾಂಗ್ರೆಸ್‌ಗೇ ವೋಟು ಹಾಕಿ ಬಂದರು. 1977ರಲ್ಲಿ ಇಡೀ ಉತ್ತರ ಭಾರತ ಇಂದಿರಾ ಗಾಂಧಿಯನ್ನು ಕೆಡವಿದರೆ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್‌ಗೆ ಕೊಟ್ಟಿತ್ತಲ್ಲ, ಆ ಲೆಕ್ಕದಲ್ಲಿ ಮಾವನದೂ ಒಂದು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಜನತಾ ಪಕ್ಷದವರಿದ್ದರು, ಕಮ್ಯುನಿಸ್ಟರಿದ್ದರು. ಕ್ಯಾಂಟೀನಿನಲ್ಲಿ ತಟ್ಟೆ ಕುಟ್ಟಿ ಕುಟ್ಟಿ ಜಗಳ. ಅದೇ 1977ರಲ್ಲಿ ದೇಶದ ಫುಟ್ಬಾಲ್ ಕ್ಲಬ್‌ಗಳ ಮೊದಲ ಫೆಡರೇಷನ್ ಕಪ್ ನಡೆಯಿತು. ಫೈನಲ್‌ನಲ್ಲಿ ಮೋಹನ್ ಬಾಗಾನನ್ನು 1-0ಯಿಂದ ಸೋಲಿಸಿದ್ದು ಯಾರು ಗೊತ್ತಾ? ಇದೇ ಐಟಿಐ. ಒಂದು ಟೆಲಿಫೋನ್ ಕಾರ್ಖಾನೆಯ ತಂಡ, ಕೋಲ್ಕತ್ತದ ದೊಡ್ಡಪ್ಪಂದಿರನ್ನು. ಆ ಸುದ್ದಿ ಬಂದ ದಿನ ಮಾವನೂ ಜನತಾದವರೂ ಕಮ್ಯುನಿಸ್ಟರೂ ತಬ್ಬಿಕೊಂಡರಂತೆ. ಮಾರನೇ ದಿನ ಮತ್ತೆ ತಟ್ಟೆ ಕುಟ್ಟುವುದು ಶುರು. ಮಾವ ಸಾಯುವವರೆಗೂ ಹೇಳುತ್ತಿದ್ದುದು ಒಂದೇ, "ಒಂದು ಗೋಲು ಸಾಕಾ? ಇನ್ನೆರಡು ಹೊಡೀಬಹುದಿತ್ತು ಬಡ್ಡಿಮಕ್ಕಳು."

ಇನ್ನು "ಫುಟ್ಬಾಲ್ ಶುದ್ಧ" ಎನ್ನುವ ಮಾತು. ಎಂಥ ಮಾತು ಸಾರ್ ಇದು, ನೀವು ಫುಟ್ಬಾಲ್‌ಗೇ ಹೆಸರಾದ ಆಸ್ಟಿನ್ ಟೌನ್‌ನಲ್ಲಿ ಬೆಳೆದವರು! ನಮ್ಮ ದೇಶದ ಫುಟ್ಬಾಲ್ ಫೆಡರೇಷನ್ ಅಧ್ಯಕ್ಷರಾಗಿದ್ದವರು ಕಾಂಗ್ರೆಸ್‌ನ ಪ್ರಿಯರಂಜನ್ ದಾಸಮುನ್ಶಿ, ಇಪ್ಪತ್ತು ವರ್ಷ. ಆಮೇಲೆ ಎನ್‌ಸಿಪಿಯ ಪ್ರಫುಲ್ ಪಟೇಲ್. 2022ರ ಆಗಸ್ಟ್‌ನಲ್ಲಿ ಹೊರಗಿನವರ ಕೈವಾಡ ಜಾಸ್ತಿಯಾಯಿತು ಎಂದು ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾ ಭಾರತವನ್ನೇ ಅಮಾನತು ಮಾಡಿತು. ಅದು ತೆರವಾದ ಮೇಲೆ ನಡೆದ ಚುನಾವಣೆಯಲ್ಲಿ ಬಿಜೆಪಿಯ ಕಲ್ಯಾಣ್ ಚೌಬೆ ಗೆದ್ದರು. ಎದುರಾಳಿ ಭಾರತ ತಂಡದ ಮಾಜಿ ನಾಯಕ ಬೈಚುಂಗ್ ಭುಟಿಯಾ. 33 ಮತ ಒಂದು ಕಡೆ, ಭುಟಿಯಾಗೆ ಒಂದು. ದೇಶಕ್ಕಾಗಿ ಅಷ್ಟು ಗೋಲು ಹೊಡೆದವನಿಗೆ ಒಂದು! ಅದೇ ದಿನ ಉಪಾಧ್ಯಕ್ಷರಾಗಿ ಗೆದ್ದವರು ನಮ್ಮ ಶಾಂತಿನಗರದ ಕಾಂಗ್ರೆಸ್ ಶಾಸಕ ಹ್ಯಾರಿಸ್. ಬಿಜೆಪಿ ಅಧ್ಯಕ್ಷ, ಕಾಂಗ್ರೆಸ್ ಉಪಾಧ್ಯಕ್ಷ, ಒಂದೇ ಮೇಜು. ಅವರಿಗಿಲ್ಲದ ವೈರ ನಿಮಗೆ ಯಾಕೆ? ಅಲ್ಲಿ ಅವರು ಒಟ್ಟಿಗೆ ಟೀ ಕುಡಿಯುತ್ತಾರೆ, ಇಲ್ಲಿ ನೀವು ಅವರ ಹೆಸರಲ್ಲಿ ಗೆಳೆಯನ ಜೊತೆ ಮಾತು ಬಿಡುತ್ತೀರಿ.

ಬಿಡುವಿದ್ದಾಗ ಹಲಸೂರಿನ ಗೌತಮಪುರಕ್ಕೆ ಹೋಗಿ ಬನ್ನಿ, ನಿಮ್ಮ ಮನೆಯಿಂದ ದೂರವೇನಿಲ್ಲ. ಅಲ್ಲಿ ಅಂಬೇಡ್ಕರ್ ಪ್ರತಿಮೆ ಇದೆ, ಬುದ್ಧ ಇದ್ದಾನೆ, ಮದರ್ ತೆರೇಸಾ ಇದ್ದಾರೆ, ಜೊತೆಗೆ ಪೆಲೆ! ಇವರು ದೇವರು, ಅವನು ಆಟಗಾರ ಎಂಬ ಭೇದ ಆ ಬೀದಿಯವರು ಮಾಡಲಿಲ್ಲ. ತಮ್ಮನ್ನು ತಲೆಯೆತ್ತಿ ನಿಲ್ಲಿಸಿದವರನ್ನೆಲ್ಲ ಒಂದೇ ಕಡೆ ನಿಲ್ಲಿಸಿದರು. ಫುಟ್ಬಾಲ್ ಬೇರೆ, ರಾಜಕೀಯ ಬೇರೆ ಅಂತ ಅವರ ಮುಂದೆ ಹೇಳಿ ನೋಡೋಣ.

ಮಾತು ಬಂತಲ್ಲ, ನನ್ನ ಹಳೇ ಹೊಟ್ಟೆನೋವನ್ನೂ ಹೇಳಿಬಿಡುತ್ತೇನೆ. ಛೆಟ್ರಿ ಫ್ರೀ ಕಿಕ್ ಬಗ್ಗೆ ನಿಮಗೆ ನಿಮಿಷ ಸಮೇತ ನೆನಪಿದೆ. ಅದರ ಮರುದಿನ, ಮಾರ್ಚ್ 4ರಂದು, ಏನಾಯಿತು? ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್ಬಾಲ್ ಪ್ರಶಸ್ತಿ, ಗೆದ್ದಿತು. 54 ವರ್ಷದ ನಂತರ. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ನಿಮ್ಮ ಆರು ಪುಟದಲ್ಲಿ ಅದಿಲ್ಲ. ನಮ್ಮ ಪತ್ರಿಕೆಯಲ್ಲೂ ಆಗ ಬಂದಿದ್ದು ನಾಲ್ಕೇ ಸಾಲು, ಅದೇ ಪುಟದಲ್ಲಿ ಮ್ಯಾಂಚೆಸ್ಟರ್‌ನ ಯಾರದೋ ಮೊಣಕಾಲು ನೋವಿಗೆ ಅರ್ಧ ಪುಟ. ಆ ಪುಟಕ್ಕೆ ಸಹಿ ಹಾಕಿದವನು ನಾನೇ. ಊರಿನ ತಂಡ ಗೆದ್ದರೆ ನಾಲ್ಕು ಸಾಲು, ಲಂಡನ್ನಿನವರು ಕೆಮ್ಮಿದರೆ ಬಣ್ಣದ ಫೋಟೋ. ದಿಲ್ಲಿಯಲ್ಲಿ ಯಾರು ಯಾರನ್ನು ತಬ್ಬಿಕೊಂಡರು ಅನ್ನುವುದು ಬಾಯಿಪಾಠ, ನಮ್ಮ ವಾರ್ಡಿನ ಆಟದ ಮೈದಾನಕ್ಕೆ ಬೀಗ ಹಾಕಿದ್ದು ಯಾರು ಅಂದರೆ ಗೊತ್ತಿಲ್ಲ. 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲಿ, ಬಿಎಫ್‌ಸಿ ಆಟಗಾರರ ಸಂಬಳವನ್ನೇ ನಿಲ್ಲಿಸಿತು. ಆಗ ನಿಮ್ಮ ಭಾನುವಾರದ ಕಾಫಿಯಲ್ಲಿ ಇದನ್ನು ಏನೆಂದು ಮಾತಾಡಿದಿರಿ, ಫುಟ್ಬಾಲ್ ಅಂತಲೋ ರಾಜಕೀಯ ಅಂತಲೋ? ನಿಮ್ಮ ನಿಯಮದ ಪ್ರಕಾರ ಯಾವ ಖಾನೆಗೆ ಹಾಕಿದಿರಿ?

ಹಾಗಾಗಿ ನಿಯಮ ಹರಿದುಹಾಕಿ. ಬೇಕಿದ್ದರೆ ಇನ್ನೊಂದು ಮಾಡಿಕೊಳ್ಳಿ: ಎದುರು ಪಕ್ಷಕ್ಕೆ ಬೈಯುವ ಮೊದಲು ಸ್ವಂತ ಪಕ್ಷಕ್ಕೆ ಒಂದು ಬೈಗುಳ ಠೇವಣಿ ಇಡಬೇಕು. ಕಣ್ಣೂರಿನವರಿಂದ ಶುರು ಮಾಡಿಸಿ, ಅವರಿಗೆ ಅಭ್ಯಾಸ ಇದೆ.

ಬರುವುದು ಬಿಟ್ಟ ಗೆಳೆಯರಿಗೆ ಇವತ್ತೇ ಫೋನ್ ಮಾಡಿ. ದರ್ಶಿನಿಗೆ ಕರೆಯಬೇಡಿ, ಬಿಗುಮಾನ ಅಡ್ಡ ಬರುತ್ತದೆ. ಅಶೋಕನಗರದ ಫುಟ್ಬಾಲ್ ಸ್ಟೇಡಿಯಂಗೆ ಕರೆಯಿರಿ, ಯಾವುದಾದರೂ ಲೀಗ್ ಪಂದ್ಯ ಇರುವ ಸಂಜೆ. ಕಾಫಿ ದುಡ್ಡು ನೀವೇ ಕೊಡಿ. ಮೊದಲು "ಗುಲಾಮ" ಅಂದಿದ್ದು ನೀವು, ಪತ್ರದ ನಾಲ್ಕನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಆಮೇಲೆ ಗೀಟು ಹಾಕಿ ಹೊಡೆದಿದ್ದೀರಿ. ಬೆಳಕಿಗೆ ಹಿಡಿದರೆ ಕಾಣುತ್ತದೆ ಸಾರ್.

— ಸಂ.